ಬಿಸಿಲಿಗೆ ರೊಕ್ಕ ಹಾಕಿದವರು

ಸೋಲಾರ್ ಕೂಡಿಸುವ ಕೆಲಸದಲ್ಲಿ ನಗು ಬರುವಂಥ ಸಂಗತಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಯಾರದಾದರೂ ಮಾಳಿಗೆ ಹತ್ತಿದರೆ ಸಾಕು, ನಮಗಿಂತ ಮೊದಲೇ ಬಂದು ಅಲ್ಲಿ ಕುಳಿತಿರುತ್ತವೆ. ಶಹಾಪುರದ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಸಣ್ಣ ಅಂಗಡಿ. ಅತ್ತ ಯಾದಗಿರಿ, ಇತ್ತ ಸುರಪುರ, ನಡುವಿನ ಹಳ್ಳಿಗಳು, ಎಲ್ಲಿಂದ ಕರೆ ಬಂದರೂ ಹೋಗಿ ಮನೆಯ ಮೇಲೆ ಪ್ಯಾನಲ್ ಕೂಡಿಸಿ ಬರುತ್ತೇನೆ. ನಮ್ಮ ಸೀಮೆಯಲ್ಲಿ ಎಲ್ಲದಕ್ಕೂ ಕೊರತೆ ಇದ್ದೀತು, ಬಿಸಿಲಿಗಿಲ್ಲ.

ಆದರೂ ಮೆಟ್ಟಿಲು ಹತ್ತುವ ಮೊದಲೇ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಪರವಡಸ್ತದೇನ್ರಿ?" ಹಾಕಿದ ರೊಕ್ಕ ಗಿಟ್ಟುತ್ತದೆಯೇ ಎಂದು. ಮಗಳಿಗೆ ಬಂಗಾರ ಮಾಡಿಸುವಾಗ ಇದನ್ನು ಕೇಳುವುದಿಲ್ಲ. ಗೋಡೆಯಷ್ಟು ಅಗಲದ ಟಿವಿ ತರುವಾಗ ಕೇಳುವುದಿಲ್ಲ. ಬಾಗಿಲ ಮುಂದೆ ನಿಲ್ಲಿಸಿ ಒರೆಸಲಿಕ್ಕೆಂದೇ ಕಾರು ತರುವಾಗಲೂ ಕೇಳುವುದಿಲ್ಲ. ಬಿಸಿಲಿಗೆ ಮಾತ್ರ ಕೇಳುತ್ತಾರೆ. ನನಗೆ ಈ ಪ್ರಶ್ನೆ ಕಿವಿಗೆ ಬಿದ್ದರೆ ಸಿಟ್ಟು ಬರುತ್ತದೆ, ಆದರೆ ಸಿಟ್ಟು ತೋರಿಸಿದರೆ ಹೊಟ್ಟೆಪಾಡು ನಡೆಯುವುದಿಲ್ಲ. ಐದಾರು ವರ್ಷದಲ್ಲಿ ತಿರುಗಿ ಬರುತ್ತದೆ, ಆಮೇಲೆ ಬರುವುದೆಲ್ಲ ಲಾಭ ಎಂದು ಗಿಳಿಪಾಠ ಒಪ್ಪಿಸುತ್ತೇನೆ.

ಈಗ ಹೇಳಲು ಹೊರಟ ಸಂಗತಿಗಳನ್ನು ಹೆಚ್ಚುಕಡಿಮೆ ಎಲ್ಲವನ್ನೂ ಮೊದಲು ಕೇಳಿದವನು ಒಬ್ಬನೇ. ಸುರಪುರದಲ್ಲಿದ್ದ ನನ್ನ ಅಕ್ಕನ ಗಂಡ. ನಮ್ಮ ಕಡೆ ಅಕ್ಕನ ಗಂಡನಿಗೆ ಮಾಮಾ ಅನ್ನುತ್ತೇವೆ, ಅವನು ನಮಗೆ ಅಳಿಯಾ ಅನ್ನುತ್ತಾನೆ. ವಯಸ್ಸಿನಲ್ಲಿ ದೊಡ್ಡವನಾದರೂ ನನಗೆ ಗೆಳೆಯನಂತಿದ್ದ, ಏಕವಚನದಲ್ಲೇ ನಮ್ಮ ಮಾತು. ಊರಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಜೋಳದ ಹಿಟ್ಟಿನ ಧೂಳು ಕುಡಿದು ಕುಡಿದೋ ಏನೋ, ಅವನ ಎದೆ ಕೆಟ್ಟುಹೋಗಿತ್ತು. ಕಲಬುರಗಿಯ ಡಾಕ್ಟರು ಔಷಧ ಕೊಟ್ಟು, ಇನ್ನು ಮನೆಯಲ್ಲೇ ಇಟ್ಟುಕೊಂಡು ನೋಡಿಕೊಳ್ಳಿರಿ ಎಂದರು. ಡಾಕ್ಟರು ದನಿ ಸಣ್ಣದು ಮಾಡಿ ಮನೆಗೆ ಕಳಿಸಿದರೆ ಅದರ ಅರ್ಥ ಎಂಥವರಿಗೂ ಆಗುತ್ತದೆ. ಮಾಮಾನಿಗೂ ಆಯಿತು. ಗಿರಣಿ ಮಾರಿ ಮಂಚ ಹಿಡಿದ.

ಸಂಜೆ ಕೆಲಸ ಮುಗಿಸಿ ಹೋಗಿ ನಾನು ಅವನಿಗೆ ಆ ದಿನದ ಸುದ್ದಿ ಹೇಳಬೇಕು, ಅವನು ನಗಬೇಕು. ನಕ್ಕರೆ ಕೆಮ್ಮು ಬರುತ್ತಿತ್ತು. ಕೆಮ್ಮು ಬಂದರೆ ಅಕ್ಕ ನನ್ನನ್ನು ಬೈಯುತ್ತಿದ್ದಳು. ಮರುದಿನ ನಾನು ಹೋಗುವುದು ತಡವಾದರೆ ಅವಳೇ ಫೋನ್ ಮಾಡಿ, ಎಲ್ಲಿದ್ದೀ, ಅವರು ದಾರಿ ನೋಡುತ್ತಿದ್ದಾರೆ ಅನ್ನುತ್ತಿದ್ದಳು. ಮಾಮಾನಿಗೆ ಒಂದೇ ಹಟ: ತನ್ನ ಮನೆಯ ಮೇಲೂ ಸೋಲಾರ್ ಆಗಬೇಕು, ತಾನಿರುವಾಗಲೇ ಆಗಬೇಕು. ಅಕ್ಕ ಒಲ್ಲೆ ಅನ್ನುತ್ತಿದ್ದಳು. ರೊಕ್ಕ ತಿರುಗಿ ಬರಲು ಐದಾರು ವರ್ಷ ಬೇಕು. ಮಾಮಾನ ಕಡೆ ಐದಾರು ವರ್ಷ ಇರಲಿಲ್ಲ. ಇದು ಮೂವರಿಗೂ ಗೊತ್ತಿತ್ತು, ಮೂವರೂ ಬಾಯಿ ಬಿಡುತ್ತಿರಲಿಲ್ಲ.

ಹಣೆ ಮತ್ತು ಕಾಲು

ಶಹಾಪುರದ ಬಟ್ಟೆ ವ್ಯಾಪಾರಿಯೊಬ್ಬರು ದೊಡ್ಡ ಶಿವಭಕ್ತರು. ಅವರ ಮನೆಗೆ ಪ್ಯಾನಲ್ ಕೂಡಿಸಿದ ಮೊದಲ ತಿಂಗಳು ಕರೆಂಟು ಚೆನ್ನಾಗಿಯೇ ಬಂತು. ಎರಡನೆಯ ತಿಂಗಳು ಅಂಗಡಿಗೆ ಬಂದು ತಕರಾರು ತೆಗೆದರು. ಕರೆಂಟು ಅರ್ಧಕ್ಕೆ ಇಳಿದಿದೆ, ನೀನು ಕೊಟ್ಟದ್ದು ಖೊಟ್ಟಿ ಮಾಲು ಎಂದರು.

ಹೋಗಿ ಮಾಳಿಗೆ ಹತ್ತಿದೆ. ನನ್ನ ಕಣ್ಣು ನಾನೇ ನಂಬಲಿಲ್ಲ. ಪ್ರತಿಯೊಂದು ಪ್ಯಾನಲ್ಲಿನ ಮೇಲೂ ಈ ತುದಿಯಿಂದ ಆ ತುದಿಯವರೆಗೆ ಅಂಗೈ ಅಗಲದ ಮೂರು ಮೂರು ವಿಭೂತಿ ಪಟ್ಟೆ. ನೀರಲ್ಲಿ ಕಲಸಿ, ಸುಣ್ಣ ಬಳಿದ ಹಾಗೆ ದಪ್ಪಗೆ ಬಳಿದಿದ್ದರು. ಪ್ರತಿ ಸೋಮವಾರ ಹಳೆಯದರ ಮೇಲೆ ಹೊಸದು. ಸೂರ್ಯ ಎಷ್ಟೇ ಕಷ್ಟಪಟ್ಟರೂ ಒಳಗೆ ಹೋಗಲು ದಾರಿಯೇ ಇರಲಿಲ್ಲ.

ಅದನ್ನು ಒರೆಸಿರಿ ಎಂದು ಹೇಗೆ ಹೇಳುವುದು? ವಿಭೂತಿಯಿಂದ ಕರೆಂಟು ನಿಂತಿತು ಎಂದು ನಾನು ಅಂದ ಸುದ್ದಿ ಹಬ್ಬಿದರೆ ಆ ಊರಲ್ಲಿ ನನ್ನ ಅಂಗಡಿ ಉಳಿಯುವುದಿಲ್ಲ. ಬಹಳ ಹೊತ್ತು ತಲೆ ಕೆರೆದುಕೊಂಡು ಕೊನೆಗೆ ಕೇಳಿದೆ: "ಅಪ್ಪಾರ, ಇದು ಪ್ಯಾನಲ್‌ದ ಕಣ್ಣ್ರಿ. ಕಣ್ಣಾಗ ಯಾರರ ವಿಭೂತಿ ಹಚ್ತಾರೇನ್ರಿ?"

ಅವರು ಯೋಚನೆಗೆ ಬಿದ್ದರು. ಹಾಗಾದರೆ ಇದರ ಹಣೆ ಎಲ್ಲಿದೆ ಎಂದು ಕೇಳಿದರು. ಹಣೆ ಇಲ್ಲ, ಕಾಲು ಮಾತ್ರ ಇವೆ ಎಂದು ಕೆಳಗಿನ ಕಬ್ಬಿಣದ ಕಂಬಿಗಳನ್ನು ತೋರಿಸಿದೆ. ಅವರ ಮುಖ ಅರಳಿತು. ಅಲ್ಲೇ ಕುಳಿತು ನೀರು ತರಿಸಿ ಎಲ್ಲ ಕಂಬಿಗಳನ್ನೂ ತೊಳೆದು, ವಿಭೂತಿ ಹಚ್ಚಿ, ಹೂ ಏರಿಸಿ ಪಾದಪೂಜೆ ಮಾಡಿಯೇ ಎದ್ದರು. ನಾನು ಮೇಲಿನ ಗಾಜು ತೊಳೆದು ಬಂದೆ. ತಿಂಗಳು ಕಳೆದ ಮೇಲೆ ದಾರಿಯಲ್ಲಿ ಸಿಕ್ಕು ಭುಜ ತಟ್ಟಿದರು.

"ಕರೆಂಟ್ ಬರೋಬ್ಬರಿ ಬರಾಕತ್ತದ ನೋಡು. ಸರ್ಕಾರಿ ಕೆಲಸದಂಗ ಆತಲ್ಲೋ ಇದೂ, ಕಾಲ ಹಿಡದ ಮ್ಯಾಗ ಕೆಲಸ ಆತು."

ಇದನ್ನು ಕೇಳಿ ಮಾಮಾ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಬಹಳ ಹೊತ್ತು ಕೆಮ್ಮಿದ. ಅಕ್ಕ ಬಿಸಿನೀರು ತಂದು ಕುಡಿಸಿ, ನನ್ನ ಕಡೆ ಒಂದು ನೋಟ ಬಿಟ್ಟಳು. ಉಸಿರು ಹತೋಟಿಗೆ ಬಂದ ಮೇಲೆ ಅವನು ಅಂದದ್ದು ಇಷ್ಟೇ: ನಾನು ಹಣೆಗೂ ಹಚ್ಚುವುದಿಲ್ಲ, ಕಾಲಿಗೂ ಹಚ್ಚುವುದಿಲ್ಲ, ನೀನು ಮೊದಲು ತಂದು ಕೂಡಿಸು.

ಪುಕ್ಕಟೆ ಕರೆಂಟಿನ ಮನೆ

ಸರ್ಕಾರ ಮನೆಗಳಿಗೆ ಇಷ್ಟು ಯೂನಿಟ್ ಪುಕ್ಕಟೆ ಎಂದು ಮಾಡಿದ ಮೇಲೆ ನನ್ನ ವ್ಯಾಪಾರ ಅರ್ಧ ಬಿದ್ದುಹೋಯಿತು. ಪುಕ್ಕಟೆ ಸಿಗುವುದಕ್ಕೆ ರೊಕ್ಕ ಯಾಕೆ ಹಾಕಬೇಕು ಅನ್ನುತ್ತಾರೆ, ಅದೂ ಖರೆಯೇ. ಎಲ್ಲರ ಮನೆಯಲ್ಲೂ ಪುಕ್ಕಟೆ ಎಂದು ಬಳಕೆ ಹೆಚ್ಚಾಯಿತು. ನನ್ನ ಅಕ್ಕನ ಮನೆಯಲ್ಲಿ ಕಡಿಮೆಯಾಯಿತು.

ಅವಳ ವಿಚಾರವೇ ಬೇರೆ. ಪುಕ್ಕಟೆ ಕೊಟ್ಟಿದ್ದಾರೆಂದು ಕಂಡಾಪಟ್ಟೆ ಸುಟ್ಟರೆ ನಾಳೆ ಬಂದ್ ಮಾಡಿಬಿಡುತ್ತಾರೆ. ಕೊಟ್ಟವರಿಗೂ ಒಂದು ಮರ್ಯಾದೆ ಬೇಡವೇ? ಮಿತಿ ದಾಟಿದರೆ ಬಿಲ್ಲು ಬರುತ್ತದೆ ಎಂಬ ಹೆದರಿಕೆ ಬೇರೆ. ಹೀಗಾಗಿ ಮನೆಯಲ್ಲಿ ಯಾರು ಯಾವ ಕೋಣೆಯಿಂದ ಎದ್ದರೂ ಅವರ ಹಿಂದೆಯೇ ಹೋಗಿ ಬಟನ್ ಆರಿಸುವುದು ಅವಳ ನೇಮ. ನಾನು ಊಟಕ್ಕೆ ಕುಳಿತು ನೀರು ತರಲು ಎದ್ದು ಬರುವಷ್ಟರಲ್ಲಿ ನನ್ನ ತಲೆಯ ಮೇಲಿನ ಫ್ಯಾನು ನಿಂತಿರುತ್ತಿತ್ತು.

ಹೋದ ವರ್ಷ ಮೀಟರ್ ನೋಡುವವನು ಬಂದು, ಮೀಟರನ್ನು ಎರಡು ಸಲ ತಟ್ಟಿ ನೋಡಿ, ಪಕ್ಕದ ಮನೆಯವರನ್ನು ಕರೆದು ಈ ಮನೆಯಲ್ಲಿ ಈಗ ಯಾರೂ ಇರುವುದಿಲ್ಲವೇ ಎಂದು ಕೇಳಿದನಂತೆ. ಅಕ್ಕ ಆಗ ಒಳಗೆ, ದೀಪವಿಲ್ಲದ ಅಡುಗೆಮನೆಯಲ್ಲಿ ಕುಳಿತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಅಲ್ಲಿಂದಲೇ, "ಅದೀವ್ರಿ" ಎಂದು ದನಿ ಕೊಟ್ಟಳು. ಆ ಮನುಷ್ಯ ಬೆಚ್ಚಿಬಿದ್ದು ಮೆಟ್ಟಿಲು ತಪ್ಪಿದ.

ಮಾಮಾ ಮಂಚ ಹಿಡಿದ ಮೇಲೆ ಬೇಸಿಗೆಗೆ ಒಂದು ಕೂಲರ್ ಬಂತು. ಸೆಕೆಯಲ್ಲಿ ಅವನಿಗೆ ಉಸಿರೇ ಆಡುತ್ತಿರಲಿಲ್ಲ. ಕೂಲರಿನ ಮುಂದೆ ಅವನ ಮಂಚ. ಅಕ್ಕ ಕೂಡುತ್ತಿದ್ದುದು ಕೂಲರಿನ ಹಿಂದೆ, ಗಾಳಿ ಬಾರದ, ಬರೀ ಸದ್ದು ಬರುವ ಕಡೆ, ಕೈಯಲ್ಲೊಂದು ಬೀಸಣಿಕೆ ಹಿಡಿದು. ಈ ಕಡೆ ಬಂದು ಕೂಡು ಎಂದು ಮಾಮಾ ಕರೆದರೆ, ಗಾಳಿ ನಿಮಗೆ ಅಡ್ಡವಾಗುತ್ತದೆ ಅನ್ನುವಳು. ಸ್ವಲ್ಪ ಸರಿದು ಕೂಡು ಎಂದರೆ, ನನಗೆ ಥಂಡಿ ಆಗುತ್ತದೆ ಅನ್ನುವಳು. ಕುತ್ತಿಗೆಯಿಂದ ಬೆವರು ಇಳಿಯುತ್ತಿರುತ್ತಿತ್ತು. ಮಾಮಾ ಮಲಗಿದಲ್ಲಿಂದಲೇ ಅವಳನ್ನು ನೋಡುತ್ತಿದ್ದ.

ಮೀಟರಿನವನ ಸುದ್ದಿಯನ್ನು ಅವನು ಬಂದವರಿಗೆಲ್ಲ ಹೇಳುತ್ತಿದ್ದ. ಹೇಳಿ ಮುಗಿಸುವಾಗ ಪ್ರತಿ ಸಲ ಒಂದೇ ಮಾತು: "ಸರ್ಕಾರದ ಮೀಟರ್ ಪ್ರಕಾರ ನಾವಿಬ್ರೂ ಹೋದ ವರ್ಷನ ಸತ್ತೀವಿ. ನಂದೀಗ ಬರೇ ಬಾಕಿ ಕೆಲಸ ನಡದದ."

ಊಟ ಒಬ್ಬರದು, ಗಾಳಿ ಒಬ್ಬರದು

ಯಾದಗಿರಿ ಸ್ಟೇಷನ್ನಿನ ಕಡೆ ಒಬ್ಬ ಗುತ್ತೇದಾರರು ಹೊಸ ಮನೆ ಕಟ್ಟಿಸಿ ದೊಡ್ಡ ಸೋಲಾರ್ ಹಾಕಿಸಿದರು. ಬ್ಯಾಟರಿ ಬೇಡವೆಂದರು. ಬ್ಯಾಟರಿ ಇಲ್ಲದ ಸೋಲಾರಿನ ಒಂದು ಗುಣವನ್ನು ನಾನು ಎಲ್ಲರಿಗೂ ಮೊದಲೇ ಹೇಳುತ್ತೇನೆ: ಓಣಿಯ ಕರೆಂಟು ಹೋದರೆ ಇದೂ ನಿಲ್ಲುತ್ತದೆ. ನಿಲ್ಲಲೇಬೇಕು. ಇಲ್ಲದಿದ್ದರೆ ಕರೆಂಟು ಇಲ್ಲವೆಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ಮಾಳಿಗೆಯ ಕರೆಂಟು ಹೊಡೆಯುತ್ತದೆ. ಗುತ್ತೇದಾರರು ಹ್ಞೂಂ ಹ್ಞೂಂ ಎಂದು ತಲೆ ಆಡಿಸಿದ್ದರು. ಫೋನು ನೋಡುತ್ತ ಆಡಿಸಿದ ತಲೆ ಅದು.

ಯುಗಾದಿಯ ಮರುದಿನ ಬಂಧುಬಳಗವನ್ನೆಲ್ಲ ಹೋಳಿಗೆ ಊಟಕ್ಕೆ ಕರೆದರು. ನನ್ನನ್ನೂ ಕರೆದಿದ್ದರು. ಉರಿಬಿಸಿಲಿನ ಮಧ್ಯಾಹ್ನ, ಒಳಗೆ ಏಸಿಯ ತಂಪು. ಇನ್ನು ಈ ಊರಿನ ಕರೆಂಟು ಇದ್ದರೇನು, ಹೋದರೇನು, ನಮಗೆ ಫಿಕರಿಲ್ಲ ಎಂದು ಅವರು ಪಂಕ್ತಿಯ ನಡುವೆ ನಿಂತು ಹೇಳುತ್ತಿದ್ದರು. ನಾನು ಕೈಸನ್ನೆ ಮಾಡಿದೆ. ಅವರು ಅದನ್ನು ತುಪ್ಪ ಬೇಡ ಅನ್ನುವ ಸನ್ನೆ ಎಂದುಕೊಂಡರು.

ಮಾತು ಮುಗಿದಿತ್ತೋ ಇಲ್ಲವೋ, ಓಣಿಯ ಕರೆಂಟು ಹೋಯಿತು. ಏಸಿ ನಿಂತಿತು, ಫ್ಯಾನು ನಿಂತಿತು. ಹೊಸ ಮನೆ, ಬಿಗಿಯಾಗಿ ಮುಚ್ಚಿದ ಕಿಟಕಿಗಳು. ಒಳಗೆ ಕುಳಿತವರು ಬೆವರಲ್ಲಿ ತೊಯ್ದು ತೊಪ್ಪೆಯಾದರು. ಎಲ್ಲರೂ ಮೊದಲು ಗುತ್ತೇದಾರರ ಮುಖ ನೋಡಿದರು, ಅವರು ನನ್ನ ಮುಖ ನೋಡಿದರು, ನಾನು ಹೋಳಿಗೆಯ ಮುಖ ನೋಡಿದೆ. ಆಗ ಎದುರುಮನೆಯ ಚಹದಂಗಡಿಯವನು ಬಾಗಿಲಿಗೆ ಬಂದು, ನಮ್ಮಲ್ಲಿ ಹಳೆಯ ಬ್ಯಾಟರಿ ಇದೆ, ಫ್ಯಾನು ತಿರುಗುತ್ತಿದೆ, ಬರ್ರಿ ಎಂದು ಕರೆದ. ಕರೆಯುವುದೇ ತಡ, ಮಂದಿಯೆಲ್ಲ ತಾಟು ಹಿಡಿದುಕೊಂಡು ರಸ್ತೆ ದಾಟಿದರು.

ಕೊನೆಗೆ ಗುತ್ತೇದಾರರೂ ತುಪ್ಪದ ಗಿಂಡಿ ಹಿಡಿದು ದಾಟಿ ಬಂದರು. ಎಲ್ಲರಿಗೂ ಬಡಿಸಿ ನನ್ನ ಹತ್ತಿರ ಬಂದಾಗ ನಿಂತರು. "ಅವಗ ಹಾಕಬ್ಯಾಡೋ" ಎಂದು ಅವರ ತಾಯಿ ರಸ್ತೆಯ ಆ ದಡದಿಂದ ಕೂಗಿದ್ದು ಓಣಿಗೆಲ್ಲ ಕೇಳಿಸಿತು.

ಹೂ ಕೇಳಿದ್ದು

ಕೊಡೇಕಲ್‌ನ ಆಚೆ, ಹೊಳೆದಂಡೆಯ ಒಂದು ಹಳ್ಳಿಯಲ್ಲಿ ಮೀನು ಹಿಡಿದು ಮಾರುವ ಮನೆತನ. ಮಗನಿಗೆ ಸೋಲಾರ್ ಬೇಕಿತ್ತು. ಲಾಭವೋ ಲುಕ್ಸಾನೋ ಎಂಬುದನ್ನು ನಾನು ಹೇಳಿದರೆ ಸಾಲದು ಎಂದಳು ಮನೆಯ ಹಿರಿಯಳು, ಅವನ ಆಯಿ, ಎಂದರೆ ಅಜ್ಜಿ. ನೀನು ಮಾರುವವ, ನೀನು ಲಾಭ ಅಂತಲೇ ಹೇಳುತ್ತೀ, ಗುಡಿಯ ಅವ್ವನ ಹತ್ತಿರ ಹೂ ಕೇಳಿಸೋಣ ಎಂದಳು. ಅದರಲ್ಲಿ ತಪ್ಪೇನೂ ಇರಲಿಲ್ಲ.

ಎಲ್ಲರೂ ದೇವಿಯ ಗುಡಿಗೆ ಹೋದೆವು. ಪೂಜಾರಿ ದೇವಿಯ ಎರಡೂ ಭುಜಕ್ಕೆ ನೀರು ಹಚ್ಚಿ ಹೂವಿನ ಎಸಳು ಅಂಟಿಸಿದ. ಬಲಗಡೆಯದು ಬಿದ್ದರೆ ಆಗಲಿ, ಎಡಗಡೆಯದು ಬಿದ್ದರೆ ಬೇಡ. ಕುಳಿತೆವು. ಹೂ ಬೀಳಲಿಲ್ಲ. ಕರೆಂಟು ಬೇರೆ ಇರಲಿಲ್ಲ, ಗುಡಿಯೊಳಗೆ ಉಸಿರುಗಟ್ಟುವ ಸೆಕೆ. ಆಯಿ ಕಣ್ಣು ಮುಚ್ಚಿ ಕುಳಿತಿದ್ದಳು. ಪೂಜಾರಿ ತೂಕಡಿಸತೊಡಗಿದ. ನಾನೂ ಮನಸ್ಸಿನಲ್ಲೇ ಬೇಡಿಕೊಂಡೆ, ತಾಯಿ, ಒಂದು ಎಸಳು, ಬಲಗಡೆಯದು.

ಅಷ್ಟರಲ್ಲಿ ಕರೆಂಟು ಬಂತು. ಮೇಲಿನ ಫ್ಯಾನು ಗರಗರ ಎಂದು ತಿರುಗಿತು. ಬಲಗಡೆಯ ಎಸಳು ಹಾರಿ ಬಂದು ಆಯಿಯ ಮಡಿಲಲ್ಲೇ ಬಿತ್ತು. ಮಗ ಕುಣಿದಾಡಿದ. ನಾನು ಕೈಮುಗಿದೆ. ಆದರೆ ಪೂಜಾರಿಗೆ ಸಂಶಯ ಬಂತು, ಇದು ದೇವಿ ಕೊಟ್ಟದ್ದೋ ಫ್ಯಾನು ಕೊಟ್ಟದ್ದೋ ಎಂದ. ಇಬ್ಬರೂ ವಾದಕ್ಕೆ ನಿಂತರು. ಆಯಿ ಹೂವನ್ನು ಕಣ್ಣಿಗೊತ್ತಿಕೊಂಡು ತಲೆಗೆ ಮುಡಿದು, ಎದ್ದು ನಿಂತು ತೀರ್ಪು ಕೊಟ್ಟಳು.

"ನಾ ಕೇಳಿದ್ದು ಸೋಲಾರ್. ಅವ್ವ ಕಳಿಸಿದ್ದು ಕರೆಂಟ್. ಇದಕ್ಕಿಂತ ಸಾಫ್ ಹ್ಯಾಂಗ ಹೇಳ್ಬೇಕಪ್ಪ ಆಕಿ? ಸೋಲಾರ್ ಬ್ಯಾಡ."

ಅಂದು ಸಂಜೆ ಮಾಮಾ ನಕ್ಕದ್ದು ನೋಡಿ ನನಗೆ ವ್ಯಾಪಾರ ಹೋದ ಬೇಸರವೇ ಉಳಿಯಲಿಲ್ಲ. ಕಣ್ಣೊರೆಸಿಕೊಳ್ಳುತ್ತ ಅವನು ಅಕ್ಕನಿಗೆ ಹೇಳಿದ, ಹಾಗಾದರೆ ನೀನೂ ಹೋಗಿ ಒಂದು ಸಲ ಹೂ ಕೇಳಿ ಬಾ, ನಮ್ಮ ಮನೆಗೆ ಹಾಕಿಸಬೇಕೋ ಬೇಡವೋ ಅಲ್ಲೇ ಫೈಸಲ್ಲಾಗಲಿ.

ಅಕ್ಕ ಕೂಲರಿಗೆ ನೀರು ಹಾಕುತ್ತಿದ್ದಳು. ಕೈ ನಿಲ್ಲಿಸದೆ, "ನಾ ಒಮ್ಮಿ ಕೇಳಿದ್ದ ಸಾಕಾಗ್ಯದ" ಎಂದಳು.

ಏನು ಕೇಳಿದ್ದಳೆಂದು ನಾವು ಕೇಳಲಿಲ್ಲ. ಯಾವ ಕಡೆಯ ಹೂ ಬಿದ್ದಿತ್ತೆಂದೂ ಕೇಳಲಿಲ್ಲ. ಅವಳು ನೀರು ತುಂಬಿಸಿ ಖಾಲಿ ಬಕೆಟ್ಟು ಹಿಡಿದುಕೊಂಡು ಒಳಗೆ ಹೋದಳು. ಮಾಮಾ ಗೋಡೆಯ ಕಡೆ ಹೊರಳಿ ಮಲಗಿದ. ನಾನು ಚಹಾ ಕುಡಿಯದೆ ಎದ್ದು ಬಂದೆ.

ಮರುದಿನ ಬೆಳಿಗ್ಗೆ ಅಕ್ಕನ ಫೋನ್ ಬಂತು. ಹಾಕಿಬಿಡು ತಮ್ಮಾ ಎಂದಳು. ರೊಕ್ಕ ತಿರುಗಿ ಬಾರದಿದ್ದರೂ ನಡೆಯುತ್ತದೆ, ಅವರ ಮನಸ್ಸಿಗೆ ಸಮಾಧಾನವಾದರೆ ಅಷ್ಟು ಸಾಕು ಎಂದಳು.

ಮಂಚದ ಹತ್ತಿರ ಬಂದ ಪ್ಯಾನಲ್

ಯಾವ ಗಿರಾಕಿಗೂ ಮಾಡದ ಕೆಲಸವನ್ನು ಅಂದು ಮಾಡಿದೆ. ಮಾಮಾ ಮಾಳಿಗೆ ಹತ್ತುವ ಸ್ಥಿತಿಯಲ್ಲಿರಲಿಲ್ಲ. ಪ್ಯಾನಲ್‌ಗಳು ಮಾಳಿಗೆ ಸೇರಿದ ಮೇಲೆ ಅವನು ಅವುಗಳನ್ನು ನೋಡುವ ಮಾತೇ ಇರಲಿಲ್ಲ. ಹೀಗಾಗಿ ಒಂದು ಪ್ಯಾನಲನ್ನು ಇಬ್ಬರು ಹಿಡಿದು ಒಳಗೆ ತಂದು ಮಂಚದ ಎದುರು ಗೋಡೆಗೆ ಆನಿಸಿ ನಿಲ್ಲಿಸಿದೆವು. ಹೆಣ್ಣು ತೋರಿಸುವ ಹಾಗಾಯಿತಲ್ಲ ಎಂದು ಅವನು ನಕ್ಕ.

ಕೈ ಚಾಚಿ ಗಾಜನ್ನು ಸವರಿದ. ಗಾಜಿನಲ್ಲಿ ಅವನ ಮುಖ ಕಾಣುತ್ತಿತ್ತು. ಬಹಳ ದಿನದಿಂದ ಅವನು ಕನ್ನಡಿ ನೋಡಿರಲಿಲ್ಲ, ಅಕ್ಕ ಕೈಗೆ ಸಿಗದಂತೆ ಇಟ್ಟಿದ್ದಳು. ಗಲ್ಲ ಮುಟ್ಟಿ ನೋಡಿಕೊಂಡು, "ಯಾರಲೇ ಅಳ್ಯಾ ಈ ಮುದುಕ" ಎಂದ. ಅವನೇ ಮಾತು ತಿರುಗಿಸಿ, ಇದಕ್ಕೆ ಗ್ಯಾರಂಟಿ ಎಷ್ಟು ವರ್ಷದ್ದು ಎಂದು ಕೇಳಿದ. ಇಪ್ಪತ್ತೈದು ಎಂದೆ. ಹೂಂ, ಮನೆಯಲ್ಲಿ ಒಬ್ಬರದಾದರೂ ಇರಲಿ ಎಂದ.

ಆಮೇಲೆ ಅಕ್ಕನನ್ನು ಚಹಾ ಮಾಡಲು ಕಳಿಸಿ, ಹತ್ತಿರ ಕರೆದು, ಈ ಹಟ ಯಾಕೆಂದು ಮೊದಲ ಸಲ ಹೇಳಿದ.

"ನಾ ಹ್ವಾದ ಮ್ಯಾಗ ಆಕಿ ಈ ಕೂಲರ್ ಹಚ್ಚಂಗಿಲ್ಲ. ಅರಿವಿ ಹೊಚ್ಚಿ ಮೂಲ್ಯಾಗ ಇಡ್ತಾಳ. ಬ್ಯಾಸಿಗಿ ತುಂಬ ಬೀಸಣಿಕಿ ಹಿಡ್ಕೊಂಡು ಕುಂಡರ್ತಾಳ. ನನಗ್ಯಾಕ ಅಂತಾಳ. ಬಿಲ್ ಇಲ್ಲಂದ್ರೂ ಹಚ್ಚಂಗಿಲ್ಲ, ನಾ ಬಲ್ಲೆ. ಆದ್ರ ಉಳದ ಕರೆಂಟ್ ಸರ್ಕಾರಕ್ಕ ಹೋಗ್ತದಂತ ಆಕಿಗ ಹೇಳು. ಸಿಟ್ಟಿಗಾದ್ರೂ ಹಚ್ತಾಳ."

ಇಷ್ಟು ವರ್ಷ ಸೋಲಾರ್ ಮಾರಿದ್ದೇನೆ, ಇಂಥ ಲೆಕ್ಕಾಚಾರ ಮಾಡಿ ಕೊಂಡವನನ್ನು ನಾನು ನೋಡಿರಲಿಲ್ಲ. ಮಾಳಿಗೆಗೆ ಹೋಗಿ ಕೆಲಸ ಮಾಡುವ ನೆಪದಲ್ಲಿ ಬಿಸಿಲಲ್ಲಿ ನಿಂತು ಅತ್ತೆ.

ಹೊಸ ಮೀಟರು ಕೂತು ಎಲ್ಲ ಶುರುವಾದ ದಿನ ಅವನು ಹೇಳಿಕೊಟ್ಟಂತೆ ಅಕ್ಕನಿಗೆ ಹೇಳಿದೆ. ನೀವು ಬಳಸದೆ ಉಳಿದ ಕರೆಂಟೆಲ್ಲ ಈ ತಂತಿಯಿಂದ ಸರ್ಕಾರಕ್ಕೆ ಹೋಗುತ್ತದೆ ಎಂದೆ. ಅದಕ್ಕೆ ಅವರು ಏನೋ ಸ್ವಲ್ಪ ಕೊಡುತ್ತಾರೆಂಬ ಮಾತನ್ನು ನುಂಗಿದೆ. ಅವಳ ಮುಖ ಕೆಂಪಾಯಿತು. ನಮ್ಮ ಮನೆ, ನಮ್ಮ ಮಾಳಿಗೆ, ನಮ್ಮ ತಲೆಯ ಮೇಲೆ ಬಿದ್ದ ಬಿಸಿಲು, ಅದನ್ನು ಅವರು ಯಾಕೆ ಒಯ್ಯಬೇಕು ಎಂದು ಕೇಳಿದಳು. ಎದ್ದು ಹೋಗಿ ಅಡುಗೆಮನೆಯ ಫ್ಯಾನು ಹಾಕಿದಳು. ಹಜಾರದ ಫ್ಯಾನು ಹಾಕಿದಳು. ಯಾರೂ ಇಲ್ಲದ ಬಚ್ಚಲಿನ ದೀಪವನ್ನೂ ಹಾಕಿ ಬಂದಳು. ಮಾಮಾ ಮಂಚದ ಮೇಲಿಂದ ನನಗೆ ಕಣ್ಣು ಹೊಡೆದ.

ಎಲ್ಲ ಹಾಕಿ ಬಂದು ಅವಳು ಮತ್ತೆ ಕೂಲರಿನ ಹಿಂದೆಯೇ ಕುಳಿತಳು.

ಹಾಡಿ ಅತ್ತದ್ದು

ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಮಾಮಾ ಅರ್ಧ ಚಹಾ ಕುಡಿದು, ಉಳಿದದ್ದು ಆಮೇಲೆ ಕುಡಿಯುತ್ತೇನೆಂದು ಬಟ್ಟಲು ಕೆಳಗಿಟ್ಟು, ಹೋಗಿಬಿಟ್ಟ. ನಾನು ಬರುವಷ್ಟರಲ್ಲಿ ಮೈ ತೊಳೆದು, ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂಡಿಸಿದ್ದರು. ಅಷ್ಟು ನೆಟ್ಟಗೆ ಅವನು ಕುಳಿತದ್ದನ್ನು ನೋಡಿ ಬಹಳ ದಿನವಾಗಿತ್ತು. ನಾನು ಹೊಸ್ತಿಲ ಮೇಲೆಯೇ ಕುಳಿತೆ.

ಮುಂದೆ ದೀಪ ಹಚ್ಚಿಟ್ಟಿದ್ದರು. ಕೂಲರು ದಿನದಂತೆ ಅವನ ಕಡೆಯೇ ಮುಖ ಮಾಡಿ ಗಾಳಿ ಬಿಡುತ್ತಿತ್ತು, ದೀಪ ಆರಿ ಆರಿ ಹೋಗುತ್ತಿತ್ತು. ಹಚ್ಚಿದರೆ ಆರುವುದು, ಹಚ್ಚಿದರೆ ಆರುವುದು. ಕೊನೆಗೆ ಹಿರಿಯರೊಬ್ಬರು ಬೇಸತ್ತು, ಇನ್ನು ಅವನಿಗೆ ಗಾಳಿ ಯಾಕೆ, ಕೂಲರ್ ಬಂದ್ ಮಾಡ್ರಿ ಎಂದರು. ಅಷ್ಟು ಹೊತ್ತು ಕೂಲರಿನ ಹಿಂದೆ ಕುಳಿತಿದ್ದ ಅಕ್ಕ ಆಗ ಬಾಯಿ ತೆರೆದಳು.

"ದೀಪ ಅತ್ತಾಗ ಸರಸ್ರಿ. ಕೂಲರ್ ಇರ್ಲಿ, ಅವರು ಹಾಕ್ಸಿದ್ದು."

ಎದ್ದು ಬಂದು, ಗಾಳಿ ಬೀಸುವ ಕಡೆ, ಅವನ ಮಗ್ಗುಲಿಗೆ ಕುಳಿತಳು.

ನಮ್ಮ ಕಡೆ ಸತ್ತಾಗ ಹೆಂಗಸರು ಸುಮ್ಮನೆ ಅಳುವುದಿಲ್ಲ, ಹಾಡಿ ಅಳುತ್ತಾರೆ. ಸತ್ತವರ ಗುಣ, ಅವರು ಮಾಡಿದ್ದು, ಬಿಟ್ಟುಹೋದದ್ದು, ಎಲ್ಲವನ್ನೂ ರಾಗ ಎಳೆದು ಹೇಳುತ್ತಾರೆ. ಬದುಕಿದ್ದಾಗ ಗಂಡನಿಗೆ ರೀ ಅಂದವರು ಆ ಹಾಡಿನಲ್ಲಿ ಏಕವಚನಕ್ಕೆ ಇಳಿಯುತ್ತಾರೆ. ಅಕ್ಕ ಅಳುತ್ತಲೇ ಇರಲಿಲ್ಲ. ಅತ್ತುಬಿಡವ್ವ, ಎದೆಯೊಳಗೆ ಇಟ್ಟುಕೊಳ್ಳಬೇಡ ಎಂದು ಹೆಂಗಸರು ದುಂಬಾಲು ಬಿದ್ದಿದ್ದರು. ಓಣಿಯ ಹಿರಿಯ ಹೆಂಗಸೊಬ್ಬಳು ಎಲ್ಲ ಸಾವಿಗೂ ಹಾಡುವ ಸಾಲುಗಳನ್ನೇ ಎತ್ತಿಕೊಟ್ಟು ನೋಡಿದಳು. ಅಕ್ಕನಿಗೆ ಅವು ಬಾಯಿಗೆ ಬರಲಿಲ್ಲ. ಬಂದದ್ದು ಬೇರೆ.

"ಮಾಳಿಗಿ ತುಂಬ ಬಿಸಿಲ ಕಟ್ಟಿ ಹ್ವಾದ್ಯಲ್ಲೋ ನನ ದೊರಿಯೇ... ಐದಾರು ವರ್ಷದ ಮಾತ ಹೇಳಿ ಈ ಬ್ಯಾಸಿಗಿ ದಾಟಲಿಲ್ಲಲ್ಲೋ... ಇಪ್ಪತ್ತೈದ ವರ್ಷದ ಗ್ಯಾರಂಟಿ ಮಾಳಿಗಿಗಿ ಕೊಟ್ಟೆಲ್ಲೋ, ನನಗ್ಯಾಕ ಕೊಡಲಿಲ್ಲೋ..."

ಹೆಂಗಸರ ಅಳು ಒಮ್ಮೆಲೇ ಏರಿತು. ಅಕ್ಕನಿಗೆ ದನಿ ಒಡೆದಿತ್ತು, ಇನ್ನು ನಿಲ್ಲಲಿಲ್ಲ. ಸಬ್ಸಿಡಿ ಸೀದಾ ಖಾತೆಗೆ ಬರ್ತದಂದ್ಯೋ, ಬಂದದ್ದು ನೋಡದ ಹ್ವಾದ್ಯೋ. ಧೂಳ ಕೂತ್ರ ನೀರ ಹೊಡಿ ಅಂದ್ಯೋ, ಉರಿಬಿಸಿಲಾಗ ಹೊಡಿಬ್ಯಾಡ, ಮುಂಜಾನಿ ಹೊಡಿ ಅಂದ್ಯೋ. ನಾನು ಊರೂರು ತಿರುಗಿ ಒಪ್ಪಿಸುವ ಪಾಠವನ್ನು ಮಾಮಾ ಒಂದಕ್ಷರ ಬಿಡದೆ ಅವಳಿಗೆ ಕಲಿಸಿಟ್ಟು ಹೋಗಿದ್ದ. ಅವಳು ಅದನ್ನೇ ರಾಗ ಹಾಕಿ ಅಳುತ್ತಿದ್ದಳು. ನಗಬೇಕೋ ಅಳಬೇಕೋ ತಿಳಿಯದೆ ನಾನು ಎರಡನ್ನೂ ಮಾಡುತ್ತಿದ್ದೆ.

ಪಕ್ಕದಲ್ಲಿ ಕುಳಿತಿದ್ದ ದೂರದ ಬೀಗರೊಬ್ಬರು ಟವೆಲ್ಲಿನಿಂದ ಕಣ್ಣೊರೆಸಿಕೊಂಡು ನನ್ನ ಕಡೆ ವಾಲಿದರು. ಸಬ್ಸಿಡಿ ಖರೇನೇ ಸೀದಾ ಖಾತೆಗೆ ಬರುತ್ತದೆಯೇ ಎಂದು ಪಿಸುಗುಟ್ಟಿದರು. ಬಿಕ್ಕುತ್ತಲೇ, ಬರುತ್ತದೆ ಎಂದೆ. ನಮ್ಮ ಮನೆಗೆ ಎಷ್ಟು ಬೇಕಾದೀತು ಎಂದರು. ಮೂರು ಕಿಲೋವ್ಯಾಟ್ ಸಾಕ್ರಿ ಎಂದು ಹೇಳಿ ಮತ್ತೆ ಅತ್ತೆ. ಹಿಂದಿನಿಂದ ಇನ್ನೊಬ್ಬರು ನನ್ನ ಅಂಗಿ ಜಗ್ಗಿದರು. ಬ್ಯಾಂಡ್‌ಬಾಜಾ ಹಚ್ಚಿ ಪ್ರಚಾರ ಮಾಡಿದರೂ ನನಗೆ ಅಷ್ಟು ಗಿರಾಕಿ ಸಿಕ್ಕಿರಲಿಲ್ಲ.

ಒಳಗೆ ಅಕ್ಕ ಉಸಿರು ತೆಗೆದುಕೊಂಡು ಮತ್ತೊಂದು ಸಾಲು ಎತ್ತಿದ್ದಳು. "ಸೆಕಿ ಅಂತ ನಾ ಒಂದಿನ ಅನಲಿಲ್ಲಲ್ಲೋ, ನಿನಗ ಯಾರ ಹೇಳಿದ್ರೋ..."

ಆ ಹಟ ಯಾಕೆಂದು ಅವನು ಅವಳಿಗೆ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಅವಳಿಗೆ ಮೊದಲಿನಿಂದಲೂ ಎಲ್ಲ ಗೊತ್ತಿತ್ತು.

ಓಣಿಯ ಆ ಹಿರಿಯ ಹೆಂಗಸು ಅಕ್ಕನ ಬೆನ್ನು ಸವರುತ್ತ ಕುಳಿತಿದ್ದಳು. ಪಾಪ, ಅವಳೂ ಅತ್ತೂ ಅತ್ತೂ ಮುಖ ಊದಿಸಿಕೊಂಡಿದ್ದಳು. ಆದರೆ ಇಷ್ಟೆಲ್ಲ ಕೇಳಿದ ಮೇಲೆ ಅವಳಿಗೂ ತಡೆಯಲಾಗಲಿಲ್ಲ. ಕೇಳಬಾರದ ಹೊತ್ತಿನಲ್ಲಿ, ಕಿವಿಯ ಹತ್ತಿರ ಬಾಗಿ ಕೇಳಿಯೇಬಿಟ್ಟಳು: "ಖರೇ ಹೇಳವ್ವ, ಪರವಡಸ್ತದೇನು?"

ಅಕ್ಕ ಹಾಡು ನಿಲ್ಲಿಸಿದಳು. ಸೆರಗಿನಿಂದ ಮೂಗು ಒರೆಸಿಕೊಂಡಳು. ಸಂತೆಯಲ್ಲಿ ಕಾಯಿಪಲ್ಲೆಯ ದರ ಹೇಳುವ ದನಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ಪರವಡಸ್ತದವ್ವ, ಹಾಕಸ್ರಿ. ಆದ್ರ ಗಂಡ ಇರೂತನ ಹಾಕಸ್ರಿ. ಆಮ್ಯಾಗ ಗಾಳಿ ಎಷ್ಟ ಬಂದ್ರೇನು, ಇತ್ತಾಗ ಬಂದು ಕುಂಡ್ರು ಅನ್ನಾವ ಇರಂಗಿಲ್ಲ."

ಒಳಗಿದ್ದ ಹೆಂಗಸರೆಲ್ಲ ಕಣ್ಣೊರೆಸಿಕೊಂಡು, ಹೊರಗೆ ಕಟ್ಟೆಯ ಮೇಲೆ ಸಾಲಾಗಿ ಕುಳಿತಿದ್ದ ತಮ್ಮ ತಮ್ಮ ಗಂಡಂದಿರ ಕಡೆ ಹೊರಳಿ ನೋಡಿದರು. ಗಂಡಂದಿರೆಲ್ಲ ನನ್ನ ಕಡೆ ನೋಡಿದರು. ಅಕ್ಕ ಮಾಮಾನ ಕಡೆ ತಿರುಗಿ, ಬಿಟ್ಟ ಸಾಲಿನಿಂದಲೇ ಮತ್ತೆ ಹಾಡತೊಡಗಿದಳು.